ಕುಳ್ಳನ ಬಗ್ಗೆ ಕೇಳಿದ್ದೀರಿ

ಎರಡು ಸಂಚಿಕೆ ಹಿಂದೆ ಈ ಅಂಕಣದಲ್ಲಿ ನಮ್ಮ ಮನೆಯ ಕುಳ್ಳನ ವಿಷಯ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಪಂಪ್‌ಸೆಟ್ಟಿಗೂ ಯಾವತ್ತೂ ಬಂದಿಲ್ಲ. ಹಾಗಾಗಿ ಈ ಸಲ ಪಂಪ್‌ಸೆಟ್‌ನವರು ಸ್ವಲ್ಪ ತಾಳಿಕೊಳ್ಳಿ. ಹೊಸಬರಿಗೆ ಹೇಳುವುದಾದರೆ, ಕುಳ್ಳ ಅಂದರೆ ಚಿಕ್ಕಮಗಳೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಕಟ್ಟಿದ ಬ್ಯಾಟರಿ ಜೀಪು. ಎತ್ತರ ನನ್ನ ಸೊಂಟದಷ್ಟು. ಮುಂದೆ ಇಬ್ಬರು ಮಕ್ಕಳು, ಹಿಂದೆ 50 ಕೆ.ಜಿ.ಯ ಒಂದು ಮೂಟೆ ಕಾಫಿ. ಮೊಮ್ಮಗಳಿಗೆ ಅಂತ ಶುರು ಮಾಡಿದ್ದು. ಅವಳು ರಜೆಯಲ್ಲಿ ಮಾತ್ರ ಬರುತ್ತಾಳೆ. ಉಳಿದ ದಿನ ತೋಟಕ್ಕೆ ಗೊಬ್ಬರ ಹೊರುವುದು ಅದೇ.

ನೀವು ಹೇಳಿದ ಹಾಗೆಯೇ 48 ವೋಲ್ಟ್, 1000 ವಾಟ್ ಮೋಟಾರು ಹಾಕಿದೆ. ಚಕ್ರ 16 ಇಂಚು, ರಿಡಕ್ಷನ್ 15ಕ್ಕೆ 1 (ಮೋಟಾರು 15 ಸುತ್ತಿಗೆ ಚಕ್ರ ಒಂದು ಸುತ್ತು). ಅಂಗಳದಲ್ಲಿ ಚೆನ್ನಾಗಿ ಓಡುತ್ತೆ. ತೋಟದ ಏರಿನಲ್ಲಿ ಗುಂಯ್ ಅಂತ ನಿಂತುಬಿಡುತ್ತೆ. 2000 ವಾಟಿನದು ತರಲಾ?
— ಓದುಗರು, ಸಕಲೇಶಪುರ

ತರಬೇಡಿ. ಮೊದಲು ಸ್ಪ್ರಾಕೆಟ್ಟಿನ, ಅಂದರೆ ಚೈನು ಕೂರುವ ಚಕ್ರದ, ಹಲ್ಲು ಎಣಿಸಿ.

ಮೋಟಾರು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳೋಣ. ನಿಮ್ಮ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 1.28 ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ 15 ಕಿ.ಮೀ. ವೇಗ ಬರುತ್ತದೆ. ಅಂಗಳಕ್ಕೆ ಸರಿ. ಈಗ ಏರಿಗೆ ಬನ್ನಿ. ಗಾಡಿ, ಬ್ಯಾಟರಿ, ಮಕ್ಕಳು, ಮೂಟೆ ಎಲ್ಲ ಸೇರಿ 250 ಕೆ.ಜಿ. ಐದು ಅಡಿ ಹೋದರೆ ಒಂದು ಅಡಿ ಏರುವ ದಾರಿಯಲ್ಲಿ ಇದನ್ನು ಎಳೆಯಲು ಹತ್ತಿರ ಹತ್ತಿರ 50 ಕೆ.ಜಿ. ಬಲ ಬೇಕು. ಮೆತ್ತನೆ ಮಣ್ಣು ಇನ್ನೊಂದು 12 ಕೇಳುತ್ತದೆ. ಒಟ್ಟು 62. ನಿಮ್ಮ ಮೋಟಾರು ದಣಿಯದೆ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, 3.2 ನ್ಯೂಟನ್ ಮೀಟರ್. ಅದನ್ನು 15ರಿಂದ ಗುಣಿಸಿ ಚಕ್ರಕ್ಕೆ ತಂದರೆ ನೆಲಕ್ಕೆ ಸಿಗುವುದು 24 ಕೆ.ಜಿ. ಮಾತ್ರ. ಬೇಕಾದ್ದು 62, ಇರುವುದು 24. ನಿಲ್ಲದೆ ಇನ್ನೇನು ಮಾಡೀತು?

2000 ವಾಟ್ ತಂದರೆ 48 ಆಗುತ್ತದೆ, ನಿಜ. ಆದರೆ ರಿಡಕ್ಷನ್ ಅನ್ನು 30ಕ್ಕೆ 1 ಮಾಡಿದರೂ ಅಷ್ಟೇ 48 ಸಿಗುತ್ತದೆ. ಒಂದಕ್ಕೆ ಹೊಸ ಮೋಟಾರು, ಮೋಟಾರಿಗೆ ಕರೆಂಟು ಅಳೆದು ಕೊಡುವ ಹೊಸ ಕಂಟ್ರೋಲರ್, ದಪ್ಪ ವೈರು, ದೊಡ್ಡ ಬ್ಯಾಟರಿ ಬೇಕು. ಇನ್ನೊಂದಕ್ಕೆ ಎರಡು ಸ್ಪ್ರಾಕೆಟ್ ಸಾಕು. ಉಳಿದ 14 ಕೆ.ಜಿ.ಯನ್ನು ಮೋಟಾರು ಒಂದೆರಡು ನಿಮಿಷ ದಮ್ಮು ಕಟ್ಟಿ ಕೊಡುತ್ತದೆ. ಏರು ಉದ್ದ ಇದ್ದರೆ 40ಕ್ಕೆ 1 ಮಾಡಿ.

ನಾನು ಮಾಡಿದ್ದು ಹೀಗೆ. ಗುಜರಿಯಲ್ಲಿ ಇ-ರಿಕ್ಷಾದ ಹಿಂದಿನ ಆಕ್ಸಲ್ ಸಿಕ್ಕಿತು. ಅದರೊಳಗೆ ಡಿಫರೆನ್ಷಿಯಲ್ (ಎರಡು ಚಕ್ರವನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇರುತ್ತದೆ, ರಿಡಕ್ಷನ್ ಸುಮಾರು 10ಕ್ಕೆ 1. ಮೋಟಾರನ್ನು ಅದಕ್ಕೆ ನೇರ ಕೂರಿಸದೆ ಮುಂದಕ್ಕೆ ತಂದೆ. ನಡುವೆ 12 ಹಲ್ಲಿನದು, 36 ಹಲ್ಲಿನದು ಎರಡು ಸ್ಪ್ರಾಕೆಟ್ ಹಾಕಿ ಚೈನು ಕಟ್ಟಿದೆ. ಮೂರು ಪಟ್ಟು ಇಲ್ಲಿ, ಹತ್ತು ಪಟ್ಟು ಅಲ್ಲಿ, ಒಟ್ಟು 30. ಆಕ್ಸಲ್ ಕಡೆಯ ಶಾಫ್ಟಿಗೆ ಸ್ಪ್ರಾಕೆಟ್ ಕೂರುವ ಹಾಗೆ ಬುಷ್ ಮಾಡಿಸಲು ಲೇತಿನವನ ಹತ್ತಿರ ಮೂರು ಸಲ ಓಡಾಡಿದ್ದೇ ದೊಡ್ಡ ಕೆಲಸ. ಈಗ ವೇಗ ಗಂಟೆಗೆ 7ರಿಂದ 8 ಕಿ.ಮೀ. ಚೈನು ಕಟಕಟ ಸದ್ದು ಮಾಡುತ್ತದೆ. ಮಾಡಲಿ, ಮೊಮ್ಮಗಳು ತೋಟದಲ್ಲಿ ಎಲ್ಲಿದ್ದಾಳೆ ಅಂತ ಅಡುಗೆಮನೆಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಏರಿನಲ್ಲಿ ನಿಂತಾಗ ಪೆಡಲ್ ಒತ್ತಿ ಹಿಡಿಯಬೇಡಿ. ತಿರುಗದ ಮೋಟಾರಿಗೆ ಹೋದ ಕರೆಂಟೆಲ್ಲ ಬರೀ ಬಿಸಿಯಾಗುತ್ತದೆ. ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವನು ನಾನು. ಸುಟ್ಟ ವಾರ್ನಿಷ್ ವಾಸನೆ ಈಗಲೂ ಮೂಗಿನಲ್ಲಿದೆ.

24 ವೋಲ್ಟ್ ಸಾಲದಾ? ಎರಡೇ ಬ್ಯಾಟರಿ ಆಗುತ್ತಲ್ಲ.
— ಓದುಗರು, ಅರಸೀಕೆರೆ

1000 ವಾಟಿಗೆ 48 ವೋಲ್ಟಿನಲ್ಲಿ 21 ಆಂಪಿಯರ್, 24ರಲ್ಲಿ 42. ಕರೆಂಟು ಎರಡು ಪಟ್ಟಾದರೆ ಅದೇ ವೈರಿನಲ್ಲಿ ಬಿಸಿ ನಾಲ್ಕು ಪಟ್ಟು. ನಾಲ್ಕು ವರ್ಷದ ಮಗು ಅಂಗಳದಲ್ಲಿ ಆಡುವ 250 ವಾಟಿನ ಗಾಡಿಗೆ 24 ಧಾರಾಳ ಸಾಕು. ತೋಟಕ್ಕೆ ಬೇಡ.

ಕೆಸರಿನಲ್ಲಿ ಒಂದು ಚಕ್ರ ಸುಮ್ನೆ ಗರಗರ ತಿರುಗುತ್ತೆ, ಇನ್ನೊಂದು ಅಲ್ಲಾಡುವುದೇ ಇಲ್ಲ. ಡಿಫರೆನ್ಷಿಯಲ್ ವೆಲ್ಡ್ ಮಾಡಿಬಿಡಿ ಅಂತ ಗ್ಯಾರೇಜಿನಲ್ಲಿ ಹೇಳಿದರು.
— ಓದುಗರು, ಬಾಳೆಹೊನ್ನೂರು

ಮಾಡಬಹುದು. ಕೆಸರಲ್ಲಿ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ. ಆದರೆ ಗಟ್ಟಿ ನೆಲದಲ್ಲಿ ತಿರುಗಿಸುವಾಗ ಹೊರಗಿನ ಚಕ್ರಕ್ಕೆ ದೂರ ಜಾಸ್ತಿ, ಒಳಗಿನದಕ್ಕೆ ಕಮ್ಮಿ. ಎರಡೂ ಒಂದೇ ಸುತ್ತು ತಿರುಗಲೇಬೇಕು ಅಂದರೆ ಯಾವುದಾದರೂ ಒಂದು ಜಾರಬೇಕು. ಟೈರು ಸವೆಯುತ್ತದೆ, ಸ್ಟೇರಿಂಗ್ ತಿರುಗಿಸಲು ಮಕ್ಕಳ ಕೈಗೆ ಆಗುವುದಿಲ್ಲ.

ಟ್ರ್ಯಾಕ್ಟರ್ ನೋಡಿದ್ದೀರಲ್ಲ? ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್. ಹೂತುಕೊಂಡಾಗ ಸುಮ್ನೆ ತಿರುಗುವ ಚಕ್ರದ ಬ್ರೇಕ್ ಹಿಡಿದರೆ ಬಲವೆಲ್ಲ ಇನ್ನೊಂದಕ್ಕೆ ಹೋಗುತ್ತದೆ. ಇ-ರಿಕ್ಷಾ ಆಕ್ಸಲ್‌ನಲ್ಲಿ ಎರಡೂ ಕಡೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಪೆಡಲ್ಲಿನ ಜೊತೆಗೆ ಎರಡೂ ಡ್ರಮ್ಮಿಗೆ ಒಂದೊಂದು ಸ್ಕೂಟರ್ ಕೇಬಲ್ ಎಳೆದು, ಸೀಟಿನ ಪಕ್ಕ ಎರಡು ಲಿವರ್ ಮಾಡಿ. ನಾನು ಮಾಡಿದ್ದೇನೆ. ಜೂನ್ ತಿಂಗಳ ಕೆಸರಿಗೂ ಇದು ಸಾಕಾಗಿದೆ. ವೆಲ್ಡಿಂಗ್ ಮಾಡಿಬಿಟ್ಟರೆ ವಾಪಸ್ ಬಿಡಿಸಲು ಆಗುವುದಿಲ್ಲ, ಅದನ್ನು ಆ ಗ್ಯಾರೇಜಿನವರು ಹೇಳಿರಲಿಕ್ಕಿಲ್ಲ.

ತಾತಾ, ನಾನು ಎಂಟನೇ ಕ್ಲಾಸು. ಅಪ್ಪ ಜೀಪು ಕಟ್ಟಲು ಒಪ್ಪಿದ್ದಾರೆ. ಅದನ್ನು ಸ್ಕೂಲಿಗೆ ತಗೊಂಡು ಹೋಗಬಹುದಾ? ನಾನು ಏನೇನು ಕೆಲಸ ಮಾಡಲಿ?
— ಬೇಲೂರಿನ ಹುಡುಗ

ಸ್ಕೂಲಿಗೆ ಬೇಡ ಮರಿ. ರಸ್ತೆಗೆ ಇಳಿದ ಕೂಡಲೇ ಅದು ಮೋಟಾರು ವಾಹನ. ಅದಕ್ಕೆ ಅನುಮೋದನೆ ಬೇಕು, ನೋಂದಣಿ ಬೇಕು, ಓಡಿಸುವವರಿಗೆ ಲೈಸೆನ್ಸ್ ಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮುಚ್ಚಿದ ಆವರಣದೊಳಗೆ ಮಾತ್ರ ಓಡಲು ಮಾಡಿದ ವಿಶೇಷ ಗಾಡಿಯನ್ನು ಬೇರೆ ಇಟ್ಟಿದ್ದಾರೆ. ಹಾಗಾಗಿ ಬೇಲಿಯೊಳಗೇ ಇರಲಿ. ನೀನು ರಸ್ತೆಯಲ್ಲಿ ಸಿಕ್ಕಿಬಿದ್ದರೆ ಶಿಕ್ಷೆ ನಿಮ್ಮಪ್ಪನಿಗೆ. 2019ರ ತಿದ್ದುಪಡಿ ಪ್ರಕಾರ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಪಾಪ, ಜೀಪಿಗೆ ಒಪ್ಪಿದ ಅಪ್ಪ ಅವರು.

ನೀನು ಮಾಡಬೇಕಾದ ಕೆಲಸ ಸ್ಟೇರಿಂಗ್ ಲೆಕ್ಕ. ಅಂಗಳದಲ್ಲಿ ಸೀಮೆಸುಣ್ಣದಿಂದ ಜೀಪಿನ ನಾಲ್ಕೂ ಚಕ್ರವನ್ನು ಅಳತೆಗೆ ಸರಿಯಾಗಿ ಬರಿ. ಹಿಂದಿನ ಎರಡು ಚಕ್ರದ ನಟ್ಟನಡುವೆ ಒಂದು ಮೊಳೆ ಹೊಡಿ. ಮುಂದಿನ ಚಕ್ರ ಯಾವ ಪಿನ್ನಿನ ಮೇಲೆ ತಿರುಗುತ್ತದೋ ಅಲ್ಲಿಂದ ಆ ಮೊಳೆಗೆ ದಾರ ಕಟ್ಟು. ಎರಡೂ ಕಡೆ. ಪಿನ್ನಿನಿಂದ ಹಿಂದಕ್ಕೆ ಚಾಚುವ ತೋಳು ಆ ದಾರದ ಮೇಲೇ ಬರಬೇಕು. ಎರಡು ತೋಳನ್ನೂ ಸೇರಿಸುವುದು ಟೈ ರಾಡ್. ಹೀಗೆ ಮಾಡಿದರೆ ತಿರುವಿನಲ್ಲಿ ಒಳಗಿನ ಚಕ್ರ ತಾನಾಗಿ ಜಾಸ್ತಿ ತಿರುಗುತ್ತದೆ, ಟೈರು ಉಜ್ಜುವುದಿಲ್ಲ. ಇದಕ್ಕೆ ಅಕರ್ಮನ್ ಸ್ಟೇರಿಂಗ್ ಅನ್ನುತ್ತಾರೆ. 1818ರಲ್ಲಿ ಲಂಡನ್ನಿನಲ್ಲಿ ಕುದುರೆಗಾಡಿಗಾಗಿ ಪೇಟೆಂಟ್ ಮಾಡಿಸಿದ್ದು. ವೆಲ್ಡಿಂಗ್ ದೊಡ್ಡವರು ಮಾಡಲಿ. ನೀನು ಆ ಬೆಳಕನ್ನು ಬರಿಗಣ್ಣಲ್ಲಿ ನೋಡಬೇಡ.

ಫ್ಯೂಸ್ ಒಂದಿದ್ದರೆ ಸಾಲದೇ? ಎಮರ್ಜೆನ್ಸಿ ಸ್ವಿಚ್, ಎಂ.ಸಿ.ಬಿ. (ಕರೆಂಟು ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್) ಅಂತ ಇಷ್ಟೆಲ್ಲ ಯಾಕೆ ಸರ್, ಮಕ್ಕಳ ಗಾಡಿಗೆ?
— ಓದುಗರು, ಮೂಡಿಗೆರೆ

ಮಕ್ಕಳ ಗಾಡಿ ಅಂತಲೇ.

ಹೋದ ಜನವರಿಯ ಕತೆ ಕೇಳಿ. ಕಣದಲ್ಲಿ ಕಾಫಿ ಒಣಗಲು ಹಾಕಿತ್ತು. ನಾನು ಕುಳ್ಳನ ಪಕ್ಕ ನಿಂತು, ಬಗ್ಗಿ ಕೀ ತಿರುಗಿಸಿದೆ. ಪೆಡಲ್ ಮುಟ್ಟಿಲ್ಲ. ಗಾಡಿ ಹೊರಟೇಬಿಟ್ಟಿತು, ಯಾರೂ ಇಲ್ಲದೆ. ಕಾಫಿಯ ಮೇಲೆ ಎರಡು ಸಾಲು ಗೆರೆ ಎಳೆದುಕೊಂಡು ಕಣ ದಾಟಿ, ಹಲಸಿನ ಮರಕ್ಕೆ ಮೂತಿ ಕೊಟ್ಟು ನಿಂತಿತು. ನಿಂತಿತು ಅಂದರೆ ಮರ ನಿಲ್ಲಿಸಿತು. ಹಿಂದಿನ ಚಕ್ರ ಮಾತ್ರ ಮಣ್ಣು ತೋಡುತ್ತಲೇ ಇತ್ತು. ನನ್ನ ಮೊಣಕಾಲಿನ ಓಟ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನಾಕೆ ಕಾಫಿ ಎಳೆಯುವ ಹಲಗೆ ಕೆಳಗಿಟ್ಟು ಕೀ ತಿರುಗಿಸಿದ್ದಳು. ಏನೂ ಮಾತಾಡಲಿಲ್ಲ. ಹಲಗೆ ತಂದು ನನ್ನ ಕೈಗೆ ಕೊಟ್ಟಳು.

ಸಂಜೆ ಬಿಚ್ಚಿ ನೋಡಿದೆ. ಪೆಡಲಿನಿಂದ ಕಂಟ್ರೋಲರಿಗೆ ಮೂರು ವೈರು ಹೋಗುತ್ತವೆ. ಕೆಂಪು 5 ವೋಲ್ಟ್ ತರುತ್ತದೆ, ಕಪ್ಪು ನೆಗೆಟಿವ್, ಮೂರನೆಯದು ಸಿಗ್ನಲ್. ಪೆಡಲ್ ಬಿಟ್ಟಾಗ ಸಿಗ್ನಲ್ ಸುಮಾರು 0.8 ವೋಲ್ಟ್, ಪೂರ್ತಿ ಒತ್ತಿದಾಗ 4.2ರ ಹತ್ತಿರ. ನನ್ನದರಲ್ಲಿ ಕಪ್ಪು ವೈರಿನ ಬೆಸುಗೆ ಬಿಟ್ಟಿತ್ತು. ನಾನೇ ಹಾಕಿದ ಬೆಸುಗೆ. ಕಪ್ಪು ಹೋದರೆ ಸಿಗ್ನಲ್ ಮೇಲಕ್ಕೆ, 5ರ ಹತ್ತಿರ ಹೋಗಿ ಕೂರುತ್ತದೆ. ಒಳ್ಳೆಯ ಕಂಟ್ರೋಲರ್ ಆದರೆ ಇದು ತಪ್ಪು ಅಂತ ಕಂಡುಹಿಡಿದು ಸುಮ್ಮನಾಗುತ್ತದೆ. ಅಗ್ಗದ್ದಕ್ಕೆ ಅದೆಲ್ಲ ಗೊತ್ತಿಲ್ಲ. ಪೂರ್ತಿ ಒತ್ತಿದ್ದಾರೆ ಅಂದುಕೊಂಡು ಓಡುತ್ತದೆ. ಇಲ್ಲಿ ಫ್ಯೂಸ್ ಏನು ಮಾಡೀತು? ಶಾರ್ಟ್ ಏನೂ ಆಗಿಲ್ಲವಲ್ಲ.

ಆಮೇಲೆ ಹಾಕಿದ್ದು ಇಷ್ಟು. ಡ್ಯಾಶ್‌ಬೋರ್ಡ್ ನಡುವೆ ಅಂಗೈಯಲ್ಲಿ ಗುದ್ದುವ ಕೆಂಪು ಅಣಬೆ ಸ್ವಿಚ್. ಪಕ್ಕದ ಸೀಟಿನಿಂದಲೂ ಅದಕ್ಕೆ ಕೈ ಎಟುಕಬೇಕು. ಬ್ರೇಕ್ ಪೆಡಲಿಗೆ ಒಂದು ಸ್ವಿಚ್, ಬ್ರೇಕ್ ಮುಟ್ಟಿದರೆ ಮೋಟಾರು ಬಂದ್. ಬ್ಯಾಟರಿ ಹತ್ತಿರ ಎಂ.ಸಿ.ಬಿ., ಅದೂ ಡಿ.ಸಿ.ಗೆ ಅಂತ ಬರೆದಿರುವುದೇ. ಮನೆಯ ಬೋರ್ಡಿನದು ಆಗುವುದಿಲ್ಲ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟಿ ಬರುತ್ತದೆ, ಆಫ್ ಆಗುವಾಗ ಒಳಗೆ ಹಾರುವ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿ ಕರೆಂಟಿಗೆ ಆ ಬಿಡುವೇ ಇಲ್ಲ. ಕಿಡಿ ಎಳೆದುಕೊಂಡೇ ಉರಿದು ಒಳಗಿನ ಕಾಂಟಾಕ್ಟ್ ಅಂಟಿಕೊಂಡರೂ ಅಂಟಿಕೊಂಡಿತು.

ಇದೆಲ್ಲಕ್ಕಿಂತ ಮೊದಲು ಬ್ರೇಕು. ಮೋಟಾರು ಕೂರಿಸುವುದಕ್ಕೂ ಮುಂಚೆ, ಬರೀ ಫ್ರೇಮಿಗೆ ಚಕ್ರ, ಬ್ರೇಕ್ ಹಾಕಿ ಇಳಿಜಾರಿಗೆ ತೆಗೆದುಕೊಂಡು ಹೋಗಿ. ಹಿಂದೆ ಹಗ್ಗ ಕಟ್ಟಿ ಇಬ್ಬರು ಹಿಡಿದುಕೊಳ್ಳಿ. ಎರಡು ಮೂಟೆ ಮರಳು ಹೇರಿ. ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಮೋಟಾರಿನ ದುಡ್ಡು ಇನ್ನೂ ಜೇಬಿನಲ್ಲೇ ಇರಲಿ.

ಲೆಡ್ ಆಸಿಡ್ ಬ್ಯಾಟರಿನಾ, ಲಿಥಿಯಮ್ಮಾ?
— ಓದುಗರು, ಚನ್ನರಾಯಪಟ್ಟಣ

ಮೊದಲ ಗಾಡಿಗೆ ಲೆಡ್ ಆಸಿಡ್. ತಪ್ಪು ಮಾಡಿದರೆ ನಷ್ಟ ಕಮ್ಮಿ. 12 ವೋಲ್ಟಿನ ನಾಲ್ಕು, 26 ಆಂಪಿಯರ್ ಅವರ್‌ನದು, ಒಟ್ಟು 35 ಕೆ.ಜಿ. ಹತ್ತಿರ ತೂಗುತ್ತದೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬೇಡಿ. ಗಾಡಿ ನಿಲ್ಲಿಸಿ ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. ಒಂದೊಂದು ಬ್ಯಾಟರಿಯಲ್ಲೂ 12.7 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಚಾರ್ಜಿಗೆ ಹಾಕಿ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮರೆತು ಒಂದು ಸೆಟ್ ಕಳೆದುಕೊಂಡಿದ್ದೇನೆ.

ನಾನು ಈಗ ಹಾಕಿರುವುದು ಲಿಥಿಯಂ ಐರನ್ ಫಾಸ್ಫೇಟ್. 16 ಸೆಲ್, ಒಂದೊಂದು 3.2 ವೋಲ್ಟ್, ಒಟ್ಟು 51.2. ತೂಕ ಅರ್ಧಕ್ಕಿಂತ ಕಮ್ಮಿ. ಬಿ.ಎಂ.ಎಸ್. (ಸೆಲ್‌ಗಳನ್ನು ಕಾಯುವ ಸರ್ಕ್ಯೂಟು) ಇಲ್ಲದೆ ಓಡಿಸಬೇಡಿ. ಚಾರ್ಜರ್ ಅದರದೇ ಬೇಕು, 58.4 ವೋಲ್ಟಿನದು. ಹಳೇ ಲೆಡ್ ಆಸಿಡ್ ಚಾರ್ಜರ್ ಮನೆಯಲ್ಲಿದೆ ಅಂತ ಚುಚ್ಚಬೇಡಿ. ಲ್ಯಾಪ್‌ಟಾಪಿನ ಹಳೇ ಸೆಲ್ ಬಿಡಿಸಿ ಪ್ಯಾಕ್ ಮಾಡುವ ವಿಚಾರ ಕೇಳಿದ್ದೀರಿ. ಆ ಪ್ರಶ್ನೆ ಓದಿಲ್ಲ ಅಂತ ಇಟ್ಟುಕೊಳ್ಳಿ.

ನಮ್ಮ ಯಜಮಾನರು ನಿಮ್ಮ ಅಂಕಣ ಓದಿದ ಮೇಲೆ ಶೆಡ್ಡಿನಿಂದ ಈಚೆಗೇ ಬರುತ್ತಿಲ್ಲ. ಇದು ಎಷ್ಟು ತಿಂಗಳ ಕಾಯಿಲೆ?
— ಓದುಗರು, ಕಡೂರು

ನನಗೆ ಹದಿನಾಲ್ಕು ತಿಂಗಳು ಹಿಡಿಯಿತಮ್ಮ. ಊಟಕ್ಕೆ ಕರೆಯುವಾಗ ಗ್ರೈಂಡರ್ ಸದ್ದು ನಿಂತಿದೆಯಾ ನೋಡಿ ಕರೆಯಿರಿ.

ಮಳೆ ಬಂದ ಮೇಲೆ ಮೋಟಾರು ಗಡಗಡ ನಡುಗುತ್ತೆ, ತಿರುಗಲ್ಲ. ಸುಟ್ಟುಹೋಯಿತಾ?
— ಓದುಗರು, ಶೃಂಗೇರಿ

ಬಹುಶಃ ಇಲ್ಲ. ದಪ್ಪ ವೈರು ಮೂರು ಬಿಟ್ಟು, ಸಣ್ಣ ವೈರು ಐದು ಇರುವ ಕನೆಕ್ಟರ್ ನೋಡಿ. ಅದು ಹಾಲ್ ಸೆನ್ಸರಿನದು. ಮೋಟಾರು ಎಲ್ಲಿ ತಿರುಗಿ ನಿಂತಿದೆ ಅಂತ ಕಂಟ್ರೋಲರಿಗೆ ಹೇಳುವುದು ಅದೇ. ನೀರು ನುಗ್ಗಿದರೆ ಲೆಕ್ಕ ತಪ್ಪಿ ನಡುಗುತ್ತದೆ. ಕನೆಕ್ಟರ್ ಬಿಚ್ಚಿ, ಒರೆಸಿ, ಬಿಸಿಲು ಸಿಕ್ಕರೆ ಬಿಸಿಲಲ್ಲಿ, ಇಲ್ಲದಿದ್ದರೆ ಒಲೆಯ ಪಕ್ಕ ಒಣಗಿಸಿ. ಮತ್ತೆ ಹಾಕಿ, ಹಿಂದಿನ ಚಕ್ರ ಎರಡೂ ನೆಲ ಬಿಡುವ ಹಾಗೆ ಜಾಕ್ ಕೊಡಿ. ಕೀ ಆನ್ ಮಾಡಿ. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿಗೆ. ಪೆಡಲ್ ಮುಟ್ಟದೆ, ಒಂದು ಚಕ್ರ ತಿರುಗದ ಹಾಗೆ ಯಾರಿಗಾದರೂ ಹಿಡಿದುಕೊಳ್ಳಲು ಹೇಳಿ, ಇನ್ನೊಂದನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸೊನ್ನೆ, ಐದು, ಸೊನ್ನೆ, ಐದು ಅಂತ ಬರಬೇಕು. ಹಸಿರು, ನೀಲಿಗೂ ಹಾಗೆಯೇ. ಮೂರೂ ಕುಣಿದರೆ ಮೋಟಾರು ಆರೋಗ್ಯವಾಗಿದೆ. ಒಂದು ಕುಣಿಯದಿದ್ದರೆ ಆ ಸೆನ್ಸರ್ ಹೋಗಿದೆ, ವೈಂಡಿಂಗ್ ಅಂಗಡಿಯಲ್ಲಿ ಹಾಕಿಕೊಡುತ್ತಾರೆ. ಇನ್ನು ಮುಂದೆ ಕಂಟ್ರೋಲರನ್ನು ವೈರು ಕೆಳಮುಖ ಬರುವ ಹಾಗೆ ಕೂರಿಸಿ. ಮೇಲ್ಮುಖ ಇದ್ದರೆ ವೈರಿನ ಗುಂಟ ನೀರು ನೇರ ಒಳಗೇ ಇಳಿಯುತ್ತದೆ.

ಕುಳ್ಳನ ಬಣ್ಣ ಯಾಕೆ ಹಸಿರು? ಮಿಲಿಟರಿ ಜೀಪಿನ ನೆನಪಿಗಾ?
— ಓದುಗರು, ಹಾಸನ

ಗೇಟಿಗೆ ಅಂತ ತಂದ ಪೇಂಟು. ಗೇಟಿಗೆ ಒಂದು ಕೋಟ್ ಹೊಡೆದು ಇದಕ್ಕೆ ತಿರುಗಿಸಿದೆ. ಎರಡನೇ ಕೋಟ್ ಯಾವಾಗ ಅಂತ ಮನೆಯಲ್ಲಿ ಈಗಲೂ ಕೇಳುತ್ತಿದ್ದಾರೆ.