ಮಗಳು ಹೋಗುವ ಲೈಬ್ರರಿಯಲ್ಲಿ ಪುಸ್ತಕವೇ ಇಲ್ಲವಂತೆ!

ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗಳು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ತಿಂಗಳಿಗೊಮ್ಮೆ 'ಲೈಬ್ರರಿ ಫೀ' ಅಂತ ದುಡ್ಡು ಕೇಳುತ್ತಾಳೆ. ಇವರು ಹೋಗಿ ನೋಡಿದರೆ ಅಲ್ಲಿ ಒಂದು ಪುಸ್ತಕವೂ ಇಲ್ಲ! ಏಳನೇ ಕ್ಲಾಸಿನ ಮಗನಿಗೆ ಊರಿನ ಗ್ರಂಥಾಲಯಕ್ಕೆ ಹೋಗು ಅಂದರೆ, "ಎಲ್ಲಾ ಮೊಬೈಲಿನ್ಯಾಗ ಐತಿ, ಅಲ್ಲಿಗ್ಯಾಕ ಹೋಗ್ಲಿ?" ಅನ್ನುತ್ತಾನೆ. ಪಿಎಚ್‌ಡಿ ಮಾಡುತ್ತಿರುವ ತಮ್ಮನೂ ಸೋದರಳಿಯನ ಮಾತಿಗೇ ತಲೆಯಾಡಿಸುತ್ತಾನೆ. "ಹಂಗಾದ್ರ ಲೈಬ್ರರಿ ಯಾರಿಗೆ ಬೇಕ್ರಿ?" ಎಂದು ಪತ್ರ ಮುಗಿಸಿದ್ದಾರೆ.

ಅಕ್ಕಾವರೇ, ಮೊದಲು ಮಗಳ ವಿಷಯ. ಅವಳನ್ನು ಬೈಯಬೇಡಿ. ಸಪ್ತಾಪುರದ ಓಣಿಗಳಲ್ಲಿ ಈಗ 'ಲೈಬ್ರರಿ' ಅಂದರೆ ಒಂದು ಕುರ್ಚಿ, ಟೇಬಲ್ಲು, ಲೈಟು, ವೈಫೈ. ಪುಸ್ತಕ ನಿಮ್ಮದೇ. ಜಾಗ ಬಾಡಿಗೆಗೆ ಕೊಡುತ್ತಾರೆ, ಅಷ್ಟೇ. ಒಂದೇ ರೂಮಿನಲ್ಲಿ ನಾಲ್ಕು ಜನ. ಒಬ್ಬಳು ಫೋನಿನಲ್ಲಿ, ಇನ್ನೊಬ್ಬಳು ಕುಕ್ಕರ್ ಸೀಟಿ ಎಣಿಸುತ್ತಾ ಕೂತಿರುತ್ತಾಳೆ. ಅಂಥಲ್ಲಿ ಗದ್ದಲವಿಲ್ಲದ ಒಂದು ಕುರ್ಚಿಗೆ ಬೆಲೆ ಇದ್ದೇ ಇದೆ. ಆದರೆ ಅದಕ್ಕಿಟ್ಟ ಹೆಸರು ನನಗೂ ಚುಚ್ಚುತ್ತದೆ. 'ಇದು ಎಲ್ಲಿ ಸಿಗುತ್ತೆ?' ಅಂತ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ನಾಲ್ಕನೆಯದು: ಓದುಗರ ಸಮಯ ಉಳಿಸಿ. ನನ್ನ ಮೂರು ದಿನ ಹಾಳಾದ ಮೇಲೆ ಅದು ನನಗೆ ಅರ್ಥವಾಯಿತು.

ಹೋದ ವರ್ಷ ದೀಪಾವಳಿ ಸಂಚಿಕೆಗೆ ನಿಮ್ಮ ಭಾಗದ ಹಳೆಯ ಪೇಟೆಗಳ ಬಗ್ಗೆ ಬರೆಯೋಣ ಅಂತ ಕೂತೆ. 'ಹಾವೇರಿ ಜಿಲ್ಲೆ, ಹಳೆಯ ಇತಿಹಾಸ' ಅಂತ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಪ್ರವಾಸಿ ತಾಣ ಬಂದವು, ಹೋಟೆಲ್ ಬಂದವು, ಮೆಣಸಿನಕಾಯಿ ದರವೂ ಬಂತು. ಕೊನೆಗೆ ಪರಿಚಯದ ಗ್ರಂಥಪಾಲಕರೊಬ್ಬರ ಮುಂದೆ ಹೋಗಿ ನಿಂತೆ. ನಕ್ಕುಬಿಟ್ಟರು. "ಸರ, ಆವಾಗ ಹಾವೇರಿ ಜಿಲ್ಲಾ ಎಲ್ಲಿತ್ರಿ?"

ಹೌದಲ್ಲ! ಹಾವೇರಿ, ಗದಗ ಎರಡೂ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ತನಕ ಧಾರವಾಡ ಜಿಲ್ಲೆ. ಇನ್ನೂ ಹಿಂದಕ್ಕೆ ಹೋದರೆ ಮುಂಬಯಿ ಪ್ರಾಂತ್ಯ. ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಬಾಂಬೆ ಪ್ರೆಸಿಡೆನ್ಸಿ ಗೆಝೆಟಿಯರ್, ಸಂಪುಟ 22, 1884. ಬ್ರಿಟಿಷರು ಬರೆಸಿದ ಜಿಲ್ಲಾ ವಿವರಗಳ ಪುಸ್ತಕ, ಈ ಸಂಪುಟ ಧಾರವಾಡದ್ದು. ಜೊತೆಗೊಂದು ಕಿವಿಮಾತು: "ಇಂಗ್ಲಿಷಿನ್ಯಾಗ ಧಾರವಾಡ ಅಂತ ಹೊಡಿಯುವಾಗ ಕಡೀಗೆ ಡಿ ಹಾಕಬ್ಯಾಡ್ರಿ, ಆರ್ ಹಾಕ್ರಿ. ಬ್ರಿಟಿಷರು ಹಂಗ ಬರೀತಿದ್ರು." ರಾತ್ರಿ ಊಟ ಮಾಡಿ ಹುಡುಕಿದೆ. ಇಡೀ ಸಂಪುಟದ ಸ್ಕ್ಯಾನ್ ಪ್ರತಿ ಪುಕ್ಕಟೆ ಇಳಿಯಿತು, ನನ್ನ ಮೊಬೈಲಿಗೇ. ಅಂದರೆ ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಯಾವ ಹೆಸರಿನಲ್ಲಿ ಕೇಳಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ.

ನಿಮ್ಮ ತಮ್ಮನಿಗೆ ಶೋಧಗಂಗಾ ಗೊತ್ತೇ ಇರುತ್ತದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಕನ್ನಡದಲ್ಲಿ ಒಂದು ತೊಡಕಿದೆ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತ ಕೊಡುವ ಯುನಿಕೋಡ್ ಬರುವ ಮುಂಚೆ (ಬಂದ ಮೇಲೂ, ನಮ್ಮ ಡಿಟಿಪಿಯವರ ಕೃಪೆಯಿಂದ) ಎಷ್ಟೋ ಬರಹ ಟೈಪ್ ಆದದ್ದು ಹಳೆಯ ನುಡಿ ಫಾಂಟಿನಲ್ಲಿ. ಕಣ್ಣಿಗೆ ಕನ್ನಡವೇ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ, ತಲೆ ಮೇಲೆ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು! ಅಂಥ ಫೈಲಿನಲ್ಲಿ 'ಮೆಣಸಿನಕಾಯಿ' ಅಂತ ಹುಡುಕಿದರೆ, ಪುಟಪುಟದಲ್ಲೂ ಇದ್ದರೂ ಇಲ್ಲ ಅನ್ನುತ್ತದೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳದ್ದೂ ಇದೇ ಕಥೆ. ಬೇರೆಯವರನ್ನು ಬೈಯುವ ಹಕ್ಕು ನನಗಿಲ್ಲ.

ಇದು ಬರೀ ಪಿಎಚ್‌ಡಿಯವರ ತಕರಾರಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಕಂಪ್ಯೂಟರೇ ಪುಸ್ತಕ ಓದಿ ಹೇಳುತ್ತದೆ. ಎನ್‌ವಿಡಿಎ ಅನ್ನುವ ತಂತ್ರಾಂಶಕ್ಕೆ ದುಡ್ಡೂ ಬೇಡ. ಟೋಪಿ ಅಕ್ಷರ ಎದುರಾದರೆ ಅದು ಏನೇನೋ ಬಡಬಡಿಸುತ್ತದೆ. ಬರೀ ಫೋಟೊ ತೆಗೆದ ಪುಟವಾದರೆ ಬಾಯಿಯೇ ಬಿಡುವುದಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಣ್ಣೆದುರೇ ಇಟ್ಟುಕೊಂಡ ನಮಗೆ ಇದು ಬೇಗ ಹೊಳೆಯಬೇಕಿತ್ತು. ಅಂಥವರಿಗಾಗಿ ಪುಸ್ತಕದ ರೂಪ ಬದಲಿಸಿಕೊಡಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅವಕಾಶವೂ ಇದೆ.

ಮಗಳು ಕುರ್ಚಿ ಬಿಡುವುದು ಬೇಡ. ಆದರೆ ವಾರಕ್ಕೊಮ್ಮೆಯಾದರೂ ಸರಕಾರಿ ಗ್ರಂಥಾಲಯಕ್ಕೆ ಹೋಗಲಿ. 2020ರಿಂದ ರಾಜ್ಯದ ಡಿಜಿಟಲ್ ಗ್ರಂಥಾಲಯವೂ ಇದೆ, ಮೊಬೈಲಿನಲ್ಲೇ ಹೆಸರು ಹಚ್ಚಬಹುದು. ಇದಕ್ಕೆಲ್ಲ ದುಡ್ಡು ನಾವು ಆಗಲೇ ಕೊಟ್ಟಾಗಿದೆ. ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ, ತೆರಿಗೆಯ 100 ರೂಪಾಯಿಗೆ 6.

ಇನ್ನು ಮಗ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವಕ್ಕೆ 'ಅರಿವು ಕೇಂದ್ರ' ಅನ್ನುತ್ತಾರೆ. ಮಕ್ಕಳ ಸದಸ್ಯತ್ವಕ್ಕೆ ದುಡ್ಡಿಲ್ಲ. ಎಲ್ಲ ಕಡೆ ಚೆನ್ನಾಗಿವೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಒಂದೂರಲ್ಲಿ ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿತ್ತು. ಇನ್ನೊಂದೂರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ, ಅಷ್ಟು ಮಕ್ಕಳು. ಮೇಲ್ವಿಚಾರಕರು ಹೇಗೋ ಹಾಗೆ.

ಅವನಿಗೆ ಸುಮ್ನೆ ಹೋಗು ಅನ್ನಬೇಡಿ. ಮೊದಲ ದಿನ ನೀವೇ ಕರೆದುಕೊಂಡು ಹೋಗಿ. ನಿಮ್ಮೂರಿಗೆ ಆ ಹೆಸರು ಯಾಕೆ ಬಂತು ಅಂತ ಒಂದು ಪ್ರಶ್ನೆ ಕೊಡಿ. ಮೊದಲು ಮೊಬೈಲಿನಲ್ಲಿ ಹುಡುಕಲಿ, ಆಮೇಲೆ ಮೇಲ್ವಿಚಾರಕರನ್ನು ಕೇಳಲಿ. ಏನು ಸಿಕ್ಕಿತು ಅಂತ ಅವನ ಕೈಯಿಂದಲೇ ನಮಗೊಂದು ಕಾರ್ಡು ಬರೆಸಿ. ಅಚ್ಚು ಹಾಕುತ್ತೇನೆ. ಈ ಸಲ ಯುನಿಕೋಡಿನಲ್ಲಿ.

— ಸಂಪಾದಕ