ಎಫ್ ಹಿಡಿದರೆ ಎಫ್ ಶಾರ್ಪ್ ಬರುತ್ತಿದೆ!

ಪ್ರಶ್ನೆ: ಆರು ವರ್ಷದಿಂದ ಈಗಿನ ಲೋಹದ ಫ್ಲೂಟ್ ನುಡಿಸುತ್ತಿದ್ದೇನೆ. ಈಚೆಗೆ ಎಂಟು ಕೀ (ತೂತು ಮುಚ್ಚಿ ತೆರೆಯುವ ಲೋಹದ ಸನ್ನೆ) ಇರುವ ಹಳೆ ಮರದ ಫ್ಲೂಟ್ ಒಂದು ಸಿಕ್ಕಿತು. ಎಫ್ ಸ್ವರ ಹಿಡಿದರೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಬರುತ್ತದೆ, ಕೆಳಗಿನ ಸ್ವರಗಳಂತೂ ಬರೀ ಗಾಳಿ. ರಿಪೇರಿ ಮಾಡುವವರೊಬ್ಬರು ಒಂದು ತೂತನ್ನು ಚಿಕ್ಕದು ಮಾಡಬೇಕು ಅಂದರು. ಮಾಡಿಸಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ಒಮ್ಮೆ ಬದಲಾಯಿಸಿದ ತೂತು ಮೊದಲಿನ ಹಾಗೆ ಆಗುವುದು ಬಹಳ ಕಷ್ಟ. ನೀವು ಬರೆದದ್ದು ನೋಡಿದರೆ ಫ್ಲೂಟ್ ಸರಿಯಾಗಿಯೇ ಇರಬೇಕು, ಬೆರಳಿಡುವ ಕ್ರಮ ಮಾತ್ರ ಬೇರೆ.

ನೀವು ಕಲಿತದ್ದು ಜರ್ಮನಿಯ ಥಿಯೋಬಾಲ್ಡ್ ಬೋಮ್ ರೂಪಿಸಿದ ಕ್ರಮ. ತೂತುಗಳನ್ನು ಬೆರಳು ಎಟಕುವ ಕಡೆ ಕೊರೆಯುವ ಬದಲು, ಸ್ವರಕ್ಕೆ ಸರಿಯಾದ ಜಾಗದಲ್ಲಿ ದೊಡ್ಡದಾಗಿ ಕೊರೆದು, ಅವನ್ನು ಮುಚ್ಚಲು ಹೊಸ ಕೀಗಳನ್ನು ಮಾಡಿದವರು ಅವರು. 1832ರಲ್ಲಿ ಮೊದಲ ಮಾದರಿ ಬಂತು, 1847ರಲ್ಲಿ ಈಗಿನ ಸಿಲಿಂಡರ್ ಆಕಾರದ್ದು. ಅದಕ್ಕೂ ಹಿಂದಿನ ಫ್ಲೂಟಿನ ಆರು ತೂತುಗಳು ಕೊಡುವುದು ಡಿ ಮೇಜರ್ ಸ್ಕೇಲ್ (ಡಿ ಇಂದ ಶುರುವಾಗುವ ಸ್ವರಗಳ ಸಾಲು), ಅದರಲ್ಲಿ ಇರುವುದೇ ಎಫ್ ಶಾರ್ಪ್ ಅಲ್ವಾ? ಹಾಗಾಗಿ ಎಡಗೈಯ ಮೂರು ಬೆರಳಿನ ಜೊತೆ ಬಲಗೈ ತೋರುಬೆರಳು ಇಟ್ಟರೆ (ಬೋಮ್ ಕ್ರಮದಲ್ಲಿ ಎಫ್ ಹಿಡಿಯುವುದು ಹೀಗೇ) ಅಲ್ಲಿ ಎಫ್ ಶಾರ್ಪ್ ಬರಬೇಕು. ಬರೀ ಎಫ್ ಬೇಕಾದರೆ ಅದಕ್ಕೆ ಎರಡು ಕೀ ಇವೆ. ಚಿಕ್ಕದನ್ನು ಬಲಗೈ ಉಂಗುರ ಬೆರಳು ಒತ್ತುತ್ತದೆ. ಆದರೆ ಡಿ ಇಂದ ಎಫ್‌ಗೆ ಹೋಗುವಾಗ ಅದೇ ಬೆರಳು ಕೊನೆಯ ತೂತನ್ನು ಮುಚ್ಚಿಕೊಂಡಿರುತ್ತದೆ, ಜಾರಿಸಬೇಕಾಗುತ್ತದೆ, ಅದಕ್ಕೇ ಎಡಗೈ ಕಿರುಬೆರಳಿಗೆ ಉದ್ದದ ಎಫ್ ಕೀ ಕೊಟ್ಟರು.

ಇನ್ನು ಗಾಳಿಯ ವಿಷಯ. ಬೋಮ್ ಫ್ಲೂಟಿನಲ್ಲಿ ಎಡ ಹೆಬ್ಬೆರಳು ಹೆಚ್ಚು ಹೊತ್ತು ಒತ್ತಿಕೊಂಡೇ ಇರುತ್ತದೆ. ನಿಮ್ಮದರಲ್ಲಿ ಹೆಬ್ಬೆರಳ ಹತ್ತಿರ ಇರುವುದು ಬಿ ಫ್ಲಾಟ್ ಕೀ, ಒತ್ತಿದರೆ ತೂತು ತೆರೆಯುತ್ತದೆ! ಹೆಬ್ಬೆರಳನ್ನು ಮರದ ಮೇಲೆ ಸುಮ್ನೆ ಇಟ್ಟು ಊದಿ ನೋಡಿ. ಆಗಲೂ ಗಾಳಿ ಬಂದರೆ ಪ್ಯಾಡ್ (ಕೀಯ ಅಡಿಯ ಮೆತ್ತೆ) ಸವೆದಿದೆಯೋ, ಮರ ಬಿರುಕು ಬಿಟ್ಟಿದೆಯೋ ತೋರಿಸಿ.

ಹಳೆ ಕ್ರಮ ಬಿಡಲಾಗದವರಿಗಾಗಿ ನಡುವಿನ ಮಾದರಿಗಳೂ ಬಂದವು. ಲಂಡನ್ನಿನ ಸಿಕ್ಕಾಮ ಎಂಬುವರು ಬೆರಳಿಡುವ ಹಳೆ ಕ್ರಮ ಹಾಗೇ ಉಳಿಸಿ, ಎರಡೂ ಕೈಯ ಉಂಗುರ ಬೆರಳಿಗೆ ಕೀ ಜೋಡಿಸಿದರು. ಕಾರ್ಟ್, ರ‍್ಯಾಡ್‌ಕ್ಲಿಫ್ ಮಾದರಿಗಳು ನೋಡಲು ಬೋಮ್ ಥರವೇ, ಬೆರಳಿಡುವ ಕ್ರಮ ಮಾತ್ರ ಬೇರೆ. ಹಾಗಾಗಿ ಯಾವ ಹಳೆ ಫ್ಲೂಟ್ ಸಿಕ್ಕಿದರೂ ಮೊದಲು ಮೇಲೆ ಹೇಳಿದ ಹಾಗೆ ಎಫ್ ಹಿಡಿದು, ಬರುವುದು ಎಫ್ ಹೌದೋ ಎಫ್ ಶಾರ್ಪೋ ಪರೀಕ್ಷೆ ಮಾಡಿ. ತುಂಬಾ ದಿನ ಊದದೆ ಇಟ್ಟ ಮರ, ಒಮ್ಮೆಲೇ ಜಾಸ್ತಿ ಊದಿದರೆ ಬಿರಿಯಬಹುದು. ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು, ಪ್ರತಿ ಸಲ ಒಳಗಿನ ತೇವ ಒರೆಸಿಡಿ.