ಎಲ್‌ಜಿಬಿಟಿ ಹಕ್ಕುಗಳ ಬಗ್ಗೆ ಗುಂಪಿನಲ್ಲಿ ಮಾತುಕತೆ ನಡೆಸುವವರು ತಟಸ್ಥರಾಗಿರಬೇಕಾ?

ಆಫೀಸಿನಲ್ಲಿ ಇಪ್ಪತ್ತು ಜನರನ್ನು ಕೂರಿಸಿ ಈ ವಿಷಯ ಮಾತಾಡಿಸಬೇಕು, ನಾಲ್ಕೈದು ಜನ ಕಡು ವಿರೋಧಿಗಳು, ನಾನು ಯಾರ ಕಡೆಯೂ ವಾಲದೆ ಇರುವುದು ಸರಿಯಾ ಅಂತ ಕೇಳಿದ್ದೀರಿ. ಆದರೆ ಅದಕ್ಕಿಂತ ಮೊದಲು ಯೋಚಿಸಬೇಕಾದದ್ದು ಬೇರೆಯೇ ಇದೆ.

ನಾನು ಮೊದಲ ಸಲ ನಡೆಸಿದಾಗ ಎಲ್ಲರನ್ನೂ ಸುತ್ತ ಕೂರಿಸಿ, "ಈ ವಿಷಯಕ್ಕೂ ನಿಮಗೂ ಏನು ನಂಟು, ಒಬ್ಬೊಬ್ಬರಾಗಿ ಹೇಳಿ" ಅಂದೆ. ಸರದಿ ಒಬ್ಬ ಹುಡುಗನ ಹತ್ತಿರ ಬಂತು. ತಡವರಿಸಿದ. ಆಮೇಲೆ "ಏನೂ ಇಲ್ಲ" ಅಂದ. ಎಲ್ಲರೂ ಅವನ ಮುಖವನ್ನೇ ನೋಡಿದರು. ಮುಂದಿನ ವಾರ ಅವನು ಬರಲೇ ಇಲ್ಲ, ತಪ್ಪು ಪೂರ್ತಿ ನನ್ನದೇ. ಈಗ ಚೀಟಿಯಲ್ಲಿ ಹೆಸರಿಲ್ಲದೆ ಬರೆಸುತ್ತೇನೆ. ಮಾತಿನ ಸುತ್ತು ಬೇಕೇ ಬೇಕು ಅಂದರೆ, ಮೊದಲು ನಾನೇ "ನನ್ನನ್ನು ಬಿಟ್ಟು ಮುಂದೆ ಹೋಗಿ" ಅನ್ನುತ್ತೇನೆ. ಆಗ ಸುಮ್ಮನಿದ್ದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು ತಟಸ್ಥ ಅನ್ನೋದು. ಎಲ್ಲ ಪ್ರಶ್ನೆಯೂ ಒಂದೇ ಅಲ್ಲ. ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿದೆ. "ಇಂಥವರು ಇರಬಹುದಾ" ಅಂತ ಕೈ ಎತ್ತಿಸಬೇಡಿ, ಅವರು ಅಲ್ಲೇ ಕೂತಿರುತ್ತಾರೆ. ಸಲಿಂಗ ಮದುವೆಯ ಮಾತು ಬೇರೆ. 2023ರ ಅಕ್ಟೋಬರ್‌ನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಅಂದರು, ಆದರೆ ಜೋಡಿಗಳಿಗೆ ಕಾನೂನಿನ ಮಾನ್ಯತೆ, ದತ್ತು ವಿಷಯಕ್ಕೆ ಬಂದಾಗ 3-2 ಆಗಿ ಒಡೆದರು. ಅವರೇ ಒಪ್ಪದ ಕಡೆ ನಿಮ್ಮ ಆಫೀಸಿನವರು ಜಗಳವಾಡಲಿ, ಅಲ್ಲಿ ನೀವು ವಾಲಬೇಡಿ.

ವಿರೋಧಿಸುವವರಿಗೂ ಮೋಸ ಮಾಡಬೇಡಿ. ಮನಸ್ಸು ಬದಲಿಸಲು ಕರೆದು ಅದನ್ನೇ ಸಂವಾದ ಅಂದರೆ ಅವರಿಗೆ ಹತ್ತು ನಿಮಿಷದಲ್ಲಿ ವಾಸನೆ ಹತ್ತುತ್ತದೆ.

"ಇದೆಲ್ಲ ಫಾರಿನ್ ಗೀಳು" ಅಂತ ಒಬ್ಬರಾದರೂ ಹೇಳುತ್ತಾರೆ. ಆಗ ನಾನು ಜನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರು ಹೇಳುತ್ತಿದ್ದೆ. ಒಬ್ಬ ಮೇಷ್ಟ್ರು "ಅದು ಬೇರೆ ವಿಷಯ, ಗಂಡು ಗಂಡನ್ನು ಇಷ್ಟಪಡೋದು ಬೇರೆ ಅಲ್ವಾ" ಅಂದರು. ಅವರು ಹೇಳಿದ್ದು ಸರಿ, ನಾನೇ ಎರಡನ್ನೂ ಕಲಸಿದ್ದೆ.

ಕೊನೆಗೆ ಎಚ್‌ಆರ್‌ನವರು ಫೋಟೋ ಕೇಳುತ್ತಾರೆ. ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಗಳದ್ದು ತೆಗೆದು ಕಳಿಸಿ.